ಖೋಲಿ ಬಿಡುವ ಮುನ್ನ

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಮ್ಮ ಮುಂದಿರುವ ಪ್ರಶ್ನೆ ಸಭೆಯಲ್ಲಿ ಹುಟ್ಟಿದ್ದಲ್ಲ; ನಮ್ಮ ಮನೆಮನೆಗಳಲ್ಲಿ ರಾತ್ರಿಯ ಊಟದ ಹೊತ್ತಿಗೆ ಹುಟ್ಟಿದ್ದು. ಪರೇಲ್, ಲಾಲ್‌ಬಾಗ್‌ಗಳ ಚಾಳಿನಲ್ಲಿರುವ ಹತ್ತಡಿಯ ಖೋಲಿಯನ್ನು ಬಿಟ್ಟು ಡೊಂಬಿವಲಿ, ಬದಲಾಪುರ, ವಿರಾರಗಳಂಥ ಊರಿಗೆ ಹೋಗೋಣವೇ, ಇಲ್ಲೇ ಇರೋಣವೇ? ಹೋಗಿರೆಂದು ಹುರಿದುಂಬಿಸುವುದಕ್ಕಾಗಲಿ, ಬೇಡವೆಂದು ತಡೆಯುವುದಕ್ಕಾಗಲಿ ನಾವು ಇಲ್ಲಿ ನಿಂತಿಲ್ಲ. ನಾವೂ ಹಿಂದೊಮ್ಮೆ ಹೋದವರೇ. ಹೋಗುವ ಮುನ್ನ ಹಾಕಬೇಕಾಗಿದ್ದ ಲೆಕ್ಕವನ್ನು ಹೋದ ಮೇಲೆ ಹಾಕಿದೆವು. ನಿಮಗೆ ಹಾಗಾಗಬಾರದೆಂಬುದಷ್ಟೇ ಈ ಮಾತಿನ ಉದ್ದೇಶ.

ನಮ್ಮ ಹಿರಿಯರು ಪರೇಲಿನಲ್ಲಿ ನೆಲೆಸಿದ್ದು ಅದರ ಅಂದಕ್ಕೆ ಮರುಳಾಗಿ ಅಲ್ಲ. ಗಿರಣಿಯ ಭೋಂಗಾ ಕೇಳಿದೊಡನೆ ನಡೆದು ಹೋಗಿ ಸಾಂಚೆಯ ಮುಂದೆ ನಿಲ್ಲಬಹುದಾಗಿತ್ತು. ಒಂದು ಪಾಳಿಯವನು ಎದ್ದ ಚಾಪೆಯ ಮೇಲೆ ಇನ್ನೊಂದು ಪಾಳಿಯವನು ಮಲಗುತ್ತಿದ್ದ. ಉಡುಪಿ, ಕುಂದಾಪುರದ ಕಡೆಯಿಂದ ಹೋಟೆಲಿಗೆ ಬಂದ ಹುಡುಗರಿಗೆ ಅಷ್ಟೂ ಬೇಕಿರಲಿಲ್ಲ. ಬಾಗಿಲು ಹಾಕಿದ ಮೇಲೆ ಮೇಜು ಜೋಡಿಸಿ ಮಲಗಿದರೆ ಅದೇ ಮನೆ. ಮುಂದೆ 1982ರ ಜನವರಿ 18ರಂದು ಗಿರಣಿ ಮುಷ್ಕರ ಆರಂಭವಾಯಿತು. ಅದರ ನಂತರದ ವರ್ಷಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಭೋಂಗಾ ನಿಂತಿತು, ಖೋಲಿ ಉಳಿಯಿತು. ಕೆಲಸಕ್ಕಾಗಿ ಹಿಡಿದ ಖೋಲಿಯನ್ನು ಕೆಲಸ ಹೋದ ಮೇಲೂ ಏಕೆ ಹಿಡಿದುಕೊಂಡಿರಬೇಕೆಂದು ಇಂದು ಮಕ್ಕಳು ಕೇಳುತ್ತಾರೆ. ಅವರು ಕೇಳುವುದು ನ್ಯಾಯವೇ.

ನಮ್ಮ ತಂದೆಯವರು ಸಾಂಚೆ ಖಾತೆಯಲ್ಲಿ ದುಡಿದವರು. ಮುಷ್ಕರದ ಬಳಿಕ ನಾವು ಫೋರ್ಟಿನ ಒಂದು ಹೋಟೆಲಿನ ಗಲ್ಲಾ ಮೇಲೆ ಕುಳಿತೆವು. 1995ರಲ್ಲಿ, ಮಗಳು ಶಾಲೆಗೆ ಸೇರುವ ಹೊತ್ತಿಗೆ, ಖೋಲಿಯನ್ನು ಮಾಲಿಕರಿಗೆ ಒಪ್ಪಿಸಿ, ಅವರು ಕೊಟ್ಟ ಹಣಕ್ಕೆ ಸಾಲ ಕೂಡಿಸಿ, ಡೊಂಬಿವಲಿಯಲ್ಲಿ ಮನೆ ಕೊಂಡೆವು. ಅಂದಿನ ವಿ.ಟಿ., ಇಂದಿನ ಸಿ.ಎಸ್.ಎಂ.ಟಿ.ಯಿಂದ ಡೊಂಬಿವಲಿಗೆ 48 ಕಿಲೋಮೀಟರು. ರೈಲಿನಲ್ಲಿ ಒಂದೂಕಾಲು ತಾಸೆಂದು ಎಲ್ಲರೂ ಹೇಳಿದ್ದರು. ಮನೆಯಿಂದ ಸ್ಟೇಷನ್ನಿಗೆ ನಡೆಯುವುದನ್ನು, ಹತ್ತಲಾರದೆ ಬಿಟ್ಟ ಗಾಡಿಗಳನ್ನು, ಇಳಿದ ಮೇಲಿನ ನಡಿಗೆಯನ್ನು ಯಾರೂ ಹೇಳಿರಲಿಲ್ಲ. ಬಾಗಿಲಿನಿಂದ ಬಾಗಿಲಿಗೆ ಎರಡು ತಾಸು. ಹೋಗಿಬರಲು ನಾಲ್ಕು. ತಿಂಗಳಿಗೆ 26 ದಿನ ಹಿಡಿದರೆ 104 ತಾಸು. ಎಂಟು ತಾಸಿನ ಪಾಳಿಯಲ್ಲಿ ಎಣಿಸಿದರೆ 13 ಪಾಳಿ! ತಿಂಗಳಿಗೆ 13 ಪಾಳಿಯನ್ನು ಕೂಲಿಯಿಲ್ಲದೆ ನಿಂತುಕೊಂಡೇ ದುಡಿದ ಹಾಗಾಯಿತು. ಮನೆಯ ಬೆಲೆ ಹೇಳುವವರು ಇದನ್ನು ಎಂದೂ ಬೆಲೆಯಲ್ಲಿ ಸೇರಿಸುವುದಿಲ್ಲ.

ಅಡಿಗೆಯ ಭಟ್ಟರ ಪಾಡು ಇನ್ನೂ ಕಷ್ಟದ್ದು. ಬೆಳಗಿನ ಇಡ್ಲಿಗಾಗಿ ಅವರು ನಾಲ್ಕಕ್ಕೇ ಒಲೆ ಹಚ್ಚಬೇಕು. ನಡುರಾತ್ರಿ ಕಳೆದು ಕೊನೆಯ ಗಾಡಿ ಹೋಯಿತೆಂದರೆ ನಸುಕಿನವರೆಗೆ ಬೇರೆ ಗಾಡಿಯಿಲ್ಲ. ಆದ್ದರಿಂದ ದೂರದಲ್ಲಿ ಮನೆ ಮಾಡಿದವರೂ ವಾರವಿಡೀ ಹೋಟೆಲಿನಲ್ಲೇ ಮಲಗುತ್ತಾರೆ. ಸಾಲ ತೀರಿಸುವವರು ಅವರು. ಆ ಮನೆಯಲ್ಲಿ ಇಲ್ಲದವರೂ ಅವರೇ.

ಆದರೆ ತಕ್ಕಡಿಗೆ ಇನ್ನೊಂದು ತಟ್ಟೆಯೂ ಉಂಟು. ಒಮ್ಮೆ ನಾವು ಈ 13 ಪಾಳಿಯ ಮಾತನ್ನು ದೊಡ್ಡದಾಗಿ ಆಡುತ್ತಿದ್ದಾಗ ನಮ್ಮ ಮನೆಯವರು ಹೇಳಿದರು: "ನೀವು ಗಾಡಿಯ ಲೆಕ್ಕ ಹೇಳುತ್ತೀರಿ. ಚಾಳಿನಲ್ಲಿ ನಾನು ನಲ್ಲಿಯ ಮುಂದೆ, ಪಾಯಖಾನೆಯ ಮುಂದೆ ಸಾಲಿನಲ್ಲಿ ನಿಂತ ತಾಸುಗಳ ಲೆಕ್ಕ ಬರೆದಿಟ್ಟವರು ಯಾರು?" ನಮ್ಮ ಬಳಿ ಉತ್ತರವಿರಲಿಲ್ಲ. ಮಗಳಿಗೆ ಬಾಗಿಲು ಹಾಕಿಕೊಂಡು ಓದಲು ಒಂದು ಕೋಣೆ ಸಿಕ್ಕಿದ್ದೂ ಅಲ್ಲಿಯೇ. ಅವಳು ಓದಿ ಮುಂದೆ ಬಂದಳು. ಆದರೆ ಅವಳು ಎಚ್ಚರವಿದ್ದ ಹೊತ್ತಿನಲ್ಲಿ ನಾವು ಅವಳನ್ನು ಕಂಡದ್ದು ರಜೆಯ ದಿನಗಳಲ್ಲಿ ಮಾತ್ರ. ಇವೆರಡನ್ನೂ ನಾವು ಇಂದಿಗೂ ತೂಗುತ್ತಲೇ ಇದ್ದೇವೆ. ಆದುದರಿಂದ ಈ ಲೆಕ್ಕವನ್ನು ಗಂಡಸರು ಮಾತ್ರ ಕುಳಿತು ಹಾಕಬೇಡಿರಿ. ಗಾಡಿಯ ತಾಸುಗಳನ್ನೂ ನಲ್ಲಿಯ ತಾಸುಗಳನ್ನೂ ಒಂದೇ ಕಾಗದದ ಮೇಲೆ ಬರೆಯಿರಿ.

ಹೋಗುವುದೆಂದು ತೀರ್ಮಾನಿಸಿದವರಿಗೆ ಮೂರು ಮಾತುಗಳನ್ನು ವಿಜ್ಞಾಪಿಸಿಕೊಳ್ಳುತ್ತೇವೆ.

ಮೊದಲನೆಯದು, ಖೋಲಿಯ ಹಕ್ಕು. ನಾವು ಬಿಟ್ಟುಕೊಟ್ಟ ಕೆಲವು ವರ್ಷಗಳಲ್ಲಿ ಆ ಚಾಳು ಪುನರ್ನಿರ್ಮಾಣಕ್ಕೆ ಹೋಯಿತು. ಅಲ್ಲೇ ಉಳಿದ ನೆರೆಯವರಿಗೆ ಅದೇ ಜಾಗದಲ್ಲಿ ಹೊಸ ಮನೆ ದೊರೆಯಿತು, ನಮಗಿಲ್ಲ. ಇಂದಿನ ನಿಯಮದಂತೆ ಮುಂಬಯಿಯ ಹಳೆಯ ಸೆಸ್ ಕಟ್ಟಡಗಳ ಪುನರ್ನಿರ್ಮಾಣದಲ್ಲಿ ಅರ್ಹ ಬಾಡಿಗೆದಾರನಿಗೆ ಕನಿಷ್ಠ 300 ಚದರಡಿಯ ಮನೆ ಸಿಗಬೇಕು, ಬಿ.ಡಿ.ಡಿ. ಚಾಳುಗಳ ಯೋಜನೆಯಲ್ಲಿ 500 ಚದರಡಿ. ಆದ್ದರಿಂದ "ಹಳೆಯ ಖೋಲಿ ತಾನೇ" ಎಂದು ಅಗ್ಗಕ್ಕೆ ಸಹಿ ಹಾಕಬೇಡಿರಿ. ಹಾಗೆಂದು ಬೀಗ ಜಡಿದು ಹೋಗುವುದೂ ಸರಿಯಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ, ತಕ್ಕ ಕಾರಣವಿಲ್ಲದೆ ಎಡೆಬಿಡದೆ ಆರು ತಿಂಗಳು ಜಾಗವನ್ನು ಉಪಯೋಗಿಸದಿದ್ದರೆ ಮಾಲಿಕನು ಅದನ್ನೇ ಆಧಾರವಾಗಿಟ್ಟು ಖಾಲಿ ಮಾಡಿಸಲು ದಾವೆ ಹೂಡಬಹುದು. ಮನೆಯವರಲ್ಲಿ ಒಬ್ಬರಾದರೂ ಅಲ್ಲಿ ನಿಜವಾಗಿ ವಾಸವಾಗಿರಲಿ. ಬಾಡಿಗೆಯ ಪಾವತಿಗಳನ್ನು ಜೋಪಾನವಾಗಿಡಿರಿ.

ಎರಡನೆಯದು, ಹೊಸ ಮನೆಯ ಕಾಗದ. ಕಲ್ಯಾಣ ಡೊಂಬಿವಲಿ ಸೀಮೆಯಲ್ಲಿ ನಗರಪಾಲಿಕೆಯ ಅನುಮತಿ ಪತ್ರಗಳನ್ನೇ ನಕಲಿ ಮಾಡಿ ಕಟ್ಟಿದ 65 ಕಟ್ಟಡಗಳನ್ನು ಕೆಡವಬೇಕೆಂದು 2024ರ ನವೆಂಬರಿನಲ್ಲಿ ಮುಂಬಯಿ ಹೈಕೋರ್ಟು ಆಜ್ಞೆ ಮಾಡಿತು. ಆ ನಕಲಿ ಪತ್ರಗಳನ್ನು ತೋರಿಸಿ ರೇರಾ ನೋಂದಣಿಯನ್ನೂ ಪಡೆಯಲಾಗಿತ್ತು. ಆಯುಷ್ಯದ ಗಳಿಕೆಯನ್ನು ಸುರಿದು ಕೊಂಡವರು ನಮ್ಮಂಥವರೇ. ನೋಂದಣಿಯ ಸಂಖ್ಯೆ ನೋಡಿ ತೃಪ್ತರಾಗದೆ, ಅನುಮತಿ ನಿಜವೇ ಎಂದು ಪಾಲಿಕೆಯ ಕಚೇರಿಗೇ ಹೋಗಿ ಕೇಳಿರಿ. ಒಂದು ದಿನದ ಕೂಲಿ ಹೋದರೆ ಹೋಗಲಿ.

ಮೂರನೆಯದು, ಕೊಳ್ಳುವ ಮುನ್ನ ಒಂದು ಮಳೆಗಾಲ ಅದೇ ಊರಿನಲ್ಲಿ ಬಾಡಿಗೆಗೆ ಇದ್ದು ನೋಡಿರಿ. ನೀರು ನಿಲ್ಲುವ ರಸ್ತೆ, ನಿಂತುಹೋಗುವ ಗಾಡಿ, ಮಗುವಿಗೆ ಜ್ವರ ಬಂದರೆ ಓಡಬೇಕಾದ ಆಸ್ಪತ್ರೆಯ ದೂರ, ಇವೆಲ್ಲ ಜುಲೈ ತಿಂಗಳಲ್ಲಿ ತಾವಾಗಿಯೇ ತಿಳಿಯುತ್ತವೆ.

ಗಿರಣಿಯ ಬಾಂಧವರಿಗೆ ಇನ್ನೊಂದು ಮಾತು. ನಿಮಗೂ ನಿಮ್ಮ ವಾರಸುದಾರರಿಗೂ ಬದಲಾಪುರದಿಂದ ಆಚೆಯ ವಾಂಗಣಿ, ಶೇಲುಗಳಲ್ಲಿ ಮನೆ ಕೊಡುವ ಯೋಜನೆ ಸರಕಾರದಿಂದ ಹೊರಟಿತು. 2025ರ ಜುಲೈಯಲ್ಲಿ ಗಿರಣಿ ಕಾರ್ಮಿಕರು ಆಜಾದ್ ಮೈದಾನದಲ್ಲಿ ನೆರೆದು, ಮನೆಯನ್ನು ಮುಂಬಯಿಯಲ್ಲೇ ಕೊಡಬೇಕೆಂದು ಕೇಳಿದರು. ಅದು ಹಟವಲ್ಲ. ಲೆಕ್ಕ ಹಾಕಿ ತಾವಾಗಿ ಹೋಗುವುದು ಬೇರೆ, ಅಟ್ಟಿಸಿಕೊಂಡು ಹೋಗುವುದು ಬೇರೆ. ಯಾರ ದುಡಿಮೆಯಿಂದ ಈ ನಗರ ಬೆಳೆಯಿತೋ ಅವರಿಗೆ ಇಲ್ಲಿಯೇ ಇರುತ್ತೇವೆಂದು ಕೇಳುವ ಅಧಿಕಾರವಿದೆ.

ಸ್ನೇಹಿತರೇ, ಹೋಗುವವರು ಹೋಗಿರಿ, ಇರುವವರು ಇರಿ, ಎರಡರಲ್ಲಿಯೂ ತಪ್ಪಿಲ್ಲ. ಆದರೆ ಖೋಲಿಯ ಕಾಗದವನ್ನೂ ಹೊಸ ಮನೆಯ ಕರಾರನ್ನೂ ಸಹಿ ಹಾಕುವ ಮುನ್ನ ಸಂಘಕ್ಕೆ ತನ್ನಿರಿ. ಕಾಗದ ಓದಬಲ್ಲವರು ನಮ್ಮಲ್ಲಿದ್ದಾರೆ. ಸಹಿಯಾದ ಮೇಲೆ ತಂದರೆ ನಾವು ವ್ಯಸನಪಡಬಹುದು, ಅಷ್ಟೇ. 1995ರಲ್ಲಿ ನಾವು ಯಾರನ್ನೂ ಕೇಳಲಿಲ್ಲ. ಕೇಳುವುದು ನಾಚಿಕೆಯೆಂದು ತಿಳಿದಿದ್ದೆವು. ಆ ನಾಚಿಕೆ ನಮಗೆ ಒಂದು ಮನೆಯಷ್ಟು ದುಬಾರಿಯಾಯಿತು.