ಅಜ್ಜಿ ಲೋವಿಯ ಮೊಮ್ಮಗ



ಪೋಳೆಂ ಚೆಕ್‌ಪೋಸ್ಟಿನ ಆಚೆ ಈಚೆ ಇರುವ ನಿಮಗೆ ಎರಡು ಭಾಷೆಯ ಮನೆ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಹೊಸ್ತಿಲ ಹೊರಗೆ ಕನ್ನಡ, ಒಲೆಯ ಮುಂದೆ ಕೊಂಕಣಿ. ಅಂಥದೇ ಒಂದು ಮನೆಯಲ್ಲಿ ಬೆಳೆದ ಹುಡುಗನ ವಿಚಾರ ಇವತ್ತು ಹೇಳುತ್ತೇನೆ. ಹೆಸರು ತಿಮೊಥೆಯ. ಊರು ಲುಸ್ತ್ರ, ಈಗಿನ ತುರ್ಕಿ ದೇಶದಲ್ಲಿತ್ತು. ಬೈಬಲಿನ ಮೋಶೆ, ದಾವೀದರನ್ನು ಬಲ್ಲವರಿಗೂ ಇವನ ಪರಿಚಯ ಅಷ್ಟಕ್ಕಷ್ಟೆ.

ಇವನ ತಂದೆ ಗ್ರೀಕ, ತಾಯಿ ಯೆಹೂದಿ. ಊರಿನವರದು ಇನ್ನೊಂದೇ ಭಾಷೆ, ಲುಕವೋನ್ಯ. ಪೌಲ, ಬಾರ್ನಬರು ಆ ಊರಿಗೆ ಹೋಗಿ ಹುಟ್ಟು ಕುಂಟನೊಬ್ಬನನ್ನು ಎಬ್ಬಿಸಿ ನಡೆಸಿದಾಗ, ದೇವರುಗಳೇ ಇಳಿದು ಬಂದಿದ್ದಾರೆಂದು ಜನ ತಮ್ಮ ಭಾಷೆಯಲ್ಲಿ ಕೂಗಿದರಂತೆ. ಹೋರಿ, ಹೂಮಾಲೆ ತಂದು ಬಲಿಗೆ ಸಿದ್ಧರಾಗುವ ತನಕ ಬಂದವರಿಗೆ ವಿಷಯ ತಿಳಿದಂತೆ ಕಾಣುವುದಿಲ್ಲ. ಪರಭಾಷೆಯ ಊರಿಗೆ ವರ್ಗವಾಗಿ ಬಂದ ಮಾಸ್ತರರ ಪಾಡು ನನಗೆ ನೆನಪಾಗುತ್ತದೆ.

ತಿಮೊಥೆಯನ ತಂದೆಯ ಹೆಸರನ್ನು ಬೈಬಲ್ ಹೇಳುವುದೇ ಇಲ್ಲ. ತಾಯಿ ಯೂನೀಕೆ, ಅಜ್ಜಿ ಲೋವಿ. ಇವರಿಬ್ಬರ ಹೆಸರು ಬರುವುದೂ ಒಂದೇ ಒಂದು ಸಲ. ನಿನ್ನಲ್ಲಿರುವ ನಂಬಿಕೆ ಮೊದಲು ನಿನ್ನ ಅಜ್ಜಿಯಲ್ಲಿತ್ತು, ಆಮೇಲೆ ತಾಯಿಯಲ್ಲಿ ಎಂಬ ಅರ್ಥದ ಮಾತು ಪೌಲನ ಹೆಸರಿನ ಪತ್ರದಲ್ಲಿದೆ. ಪೂರ್ತಿಯಾಗಿ ಬಂತು ಅನ್ನುವಂತೆಯೂ ಇಲ್ಲ. ಯೆಹೂದಿ ಗಂಡುಮಗುವಿಗೆ ಎಂಟನೆಯ ದಿನ ಆಗಬೇಕಾದ ಸುನ್ನತಿ ಇವನಿಗೆ ಆಗಿರಲಿಲ್ಲ. ಬೆಳೆದ ಮೇಲೆ ಪೌಲನೇ ಮಾಡಿಸಿದ. ತಂದೆ ಗ್ರೀಕನೆಂಬುದು ಸುತ್ತಲಿನವರಿಗೆಲ್ಲ ಗೊತ್ತಿತ್ತು.

ನಮ್ಮ ಗೋವೆಯಲ್ಲಿ ಲೋವಿಯಂಥ ಅಜ್ಜಿಯರು ಎಷ್ಟು ಜನವೋ! 1684ರಲ್ಲಿ ಪೋರ್ತುಗೀಸ್ ವೈಸರಾಯ್ ಆಲ್ವೊರಿನ ಕೌಂಟ್, ಜನ ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ತುಗೀಸ್ ಆಡಬೇಕೆಂದು ಹುಕುಂ ಹೊರಡಿಸಿದ. ಅಡುಗೆಮನೆಗೆ ಯಾವ ವೈಸರಾಯ್ ಹೊಕ್ಕಾನು? ಇಂದಿಗೂ ಹಳ್ಳಿಯ ಮನೆಗಳಲ್ಲಿ ಸಂಜೆಯ ತೇರ್ಸ ನಡೆಯುವುದು ಕೊಂಕಣಿಯಲ್ಲೇ. ಇಲ್ಲಿಂದ ಮಂಗಳೂರಿನ ಕಡೆಗೆ ಹೋಗಿ ನೆಲೆಸಿದವರು ಆ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರು, ಇಲ್ಲಿ ಉಳಿದವರು ರೋಮನ್ ಲಿಪಿಯಲ್ಲಿ. ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿ 2015ರಲ್ಲಿ ಸಂತ ಪದವಿ ಪಡೆದ ಜುಜೆ ವಾಜರು 1681ರಲ್ಲಿ ಕೆನರಾಕ್ಕೆ ಹೋಗಿ ಸೇವೆ ಮಾಡಿದ್ದು ಇಂಥ ಕುಟುಂಬಗಳ ನಡುವೆಯೇ. ಹಿಂದೂ ಬಾಂಧವರಿಗೂ ಇದು ಹೊಸ ಮಾತಲ್ಲ. ಕುಶಸ್ಥಳಿಯ ಮಂಗೇಶ 1560ರಲ್ಲಿ ಹೊಳೆ ದಾಟಿ ಪ್ರಿಯೋಳಕ್ಕೆ ಹೋದ. ಕುಲದೇವರೆಂದು ಕರಾವಳಿಯ ಎಷ್ಟೋ ಮನೆಯವರು ಈಗಲೂ ಅಲ್ಲಿಗೆ ಬಂದು ಹೋಗುತ್ತಾರೆ.

ನನ್ನ ಅಜ್ಜಿ ಕಾಣಕೋಣದವಳು. ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಿದ್ದಳು. ಬೆಳಿಗ್ಗೆ ಬೂದಿ ಸರಿಸಿ, ಒಣಗಿದ ತೆಂಗಿನ ಗರಿ ಇಟ್ಟು, ಊದುಗೊಳವೆಯಿಂದ ಊದುವ ಕೆಲಸ ನನ್ನದು. ಒಂದು ದಿನ ಏಳಲಿಲ್ಲ. ಪಕ್ಕದ ಮನೆಯಿಂದ ಕರಟದಲ್ಲಿ ಕೆಂಡ ತರಲು ಓಡಬೇಕಾಯಿತು, ಬೈಗುಳ ಬೇರೆ. ದೊಡ್ಡವನಾದ ಮೇಲೆ ಆ ಪತ್ರ ಓದಿದಾಗ ಬೆರಗಾದೆ. ಅಜ್ಜಿಯ ಹೆಸರು ಬಂದ ಕೂಡಲೇ ಮುಂದಿನ ಮಾತೇ ಅದು: ನಿನಗೆ ಸಿಕ್ಕ ವರವನ್ನು ಮತ್ತೆ ಹೊತ್ತಿಸು ಎಂದು. ಲೋವಿ ಕೆಂಡ ಕೊಟ್ಟಿದ್ದಳು, ಊದುವ ಕೆಲಸ ಮೊಮ್ಮಗನ ಪಾಲಿಗಿತ್ತು.

ನನಗೆ ಅಜ್ಜಿಯ ಪ್ರಾರ್ಥನೆಗಳೆಲ್ಲ ಬಾಯಿಪಾಠ. ಮಗಳು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ಅವಳಿಗೆ ಕಲಿಸುವುದನ್ನು ನಾಳೆ, ನಾಡಿದ್ದು ಎಂದು ಮುಂದೂಡಿದೆ. ಕಳೆದ ಮಳೆಗಾಲ ಅಜ್ಜಿಯ ವರ್ಷದ ದಿನ ಮನೆಮಂದಿಯೆಲ್ಲ ಮೊಣಕಾಲೂರಿ ಪ್ರಾರ್ಥಿಸುವಾಗ ಅವಳು ಬರೀ ತುಟಿ ಆಡಿಸುತ್ತಿದ್ದಳು. ಆಮೇಲೆ ಕೇಳಿದಳು: "ಪಪ್ಪಾ, ಇದನ್ನು ನನಗೆ ಯಾಕೆ ಹೇಳಿಕೊಡಲಿಲ್ಲ?" ಉತ್ತರ ನನ್ನ ಹತ್ತಿರ ಇರಲಿಲ್ಲ. ಈಗ ರಾತ್ರಿ ಊಟಕ್ಕೆ ಮುಂಚೆ ದಿನಕ್ಕೊಂದು ಸಾಲು ಹೇಳಿಕೊಡುತ್ತೇನೆ. ಅವಳು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಾಳೆ. ಉಚ್ಚಾರ ಇನ್ನೂ ಸರಿಯಾಗಿಲ್ಲ.