ಮೋಟಾರ್ ಡ್ರೈವ್‌ಗಳು ಮತ್ತು ಭೂಸಂಪರ್ಕ



ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಗಡಿ, ನೀರು, ಸಾಹಿತ್ಯಗಳ ಚರ್ಚೆ ನಡೆಯುತ್ತದೆ. ಇಂದು ಹಸಿರು-ಹಳದಿ ಬಣ್ಣದ ತಂತಿಯೊಂದರ ಕುರಿತು ಮಾತನಾಡಲು ಅವಕಾಶವಿತ್ತುದಕ್ಕೆ ಕೃತಜ್ಞನಾಗಿದ್ದೇನೆ. ಭೋಸರಿ, ಚಾಕಣಗಳ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ನಮ್ಮವರೂ ಇರುವುದರಿಂದ ವಿಷಯ ಹೊರಗಿನದೆನ್ನುವಂತಿಲ್ಲ.

ಮೋಟಾರಿನ ವೇಗವನ್ನು ಏರಿಳಿಸುವ ಡ್ರೈವ್, 415 ವೋಲ್ಟಿನ ಎ.ಸಿ.ಯನ್ನು ಮೊದಲು ಸುಮಾರು 585 ವೋಲ್ಟಿನ ಡಿ.ಸಿ.ಯನ್ನಾಗಿ ಮಾರ್ಪಡಿಸುತ್ತದೆ, ಬಳಿಕ ಅದನ್ನು ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ ಮೋಟಾರಿಗೆ ಕಳುಹಿಸುತ್ತದೆ. ಹೀಗೆ ಕತ್ತರಿಸುವಾಗ ಕೇಬಲು ಮತ್ತು ಮೋಟಾರಿನ ಇನ್ಸುಲೇಷನ್ ಕೆಪಾಸಿಟರಿನಂತೆ ವರ್ತಿಸಿ, ಒಂದಿಷ್ಟು ಪ್ರವಾಹ ಸದಾ ಅರ್ಥಿಂಗ್ ತಂತಿಗೆ ಸೋರುತ್ತಿರುತ್ತದೆ. ಇದು ದೋಷವಲ್ಲ, ಯಂತ್ರದ ಸ್ವಭಾವ. ಹಳೆಯ ಸ್ಟಾರ್ಟರಿನಲ್ಲಿ ಆಪತ್ತಿಗಷ್ಟೇ ಒದಗುತ್ತಿದ್ದ ಈ ತಂತಿ ಡ್ರೈವಿನಲ್ಲಿ ದಿನವೂ ದುಡಿಯುತ್ತದೆ. ಆದುದರಿಂದಲೇ, ಸೋರಿಕೆ 3.5 ಮಿಲಿಆಂಪಿಯರ್ ಮೀರುವ ಕಡೆ ಕನಿಷ್ಠ 10 ಚದರ ಮಿ.ಮೀ. ತಾಮ್ರದ ತಂತಿಯನ್ನಾಗಲಿ, ಮೊದಲಿನಷ್ಟೇ ದಪ್ಪದ ಎರಡನೆಯ ತಂತಿಯನ್ನಾಗಲಿ ಹಾಕಬೇಕೆಂದು ಐ.ಇ.ಸಿ. 61800-5-1 ಮಾನಕ ಹೇಳುತ್ತದೆ. ಮೋಟಾರಿನ ಚೌಕಟ್ಟಿಗೆ ಎರಡು ಪ್ರತ್ಯೇಕ ಭೂಸಂಪರ್ಕಗಳಿರಬೇಕೆಂಬುದು 1956ರ ಭಾರತೀಯ ವಿದ್ಯುತ್ ನಿಯಮಗಳಿಂದಲೂ ಬಂದ ಮಾತು.

ನಾನು ಕಂಡ ಒಂದು ಪ್ರಸಂಗ. ಒಂದು ಕಾರ್ಖಾನೆಯಲ್ಲಿ ಹೊಸ ಡ್ರೈವ್ ಚಾಲೂ ಮಾಡಿದೊಡನೆ 30 ಮಿಲಿಆಂಪಿಯರಿನ ರಕ್ಷಕ ಸ್ವಿಚ್ಚು ಬೀಳುತ್ತಿತ್ತು. ಉತ್ಪಾದನೆಯ ಅವಸರ, ಗುತ್ತಿಗೆಯ ಹುಡುಗ ಅರ್ಥಿಂಗ್ ತಂತಿಯನ್ನೇ ಬಿಚ್ಚಿಬಿಟ್ಟ. ಸ್ವಿಚ್ಚು ನಿಂತಿತು, ಎಲ್ಲರೂ ಮೆಚ್ಚಿದರು. ಮೂರನೆಯ ದಿನ ಏಣಿಯೇರಿ ಫ್ಯಾನಿನ ಮೋಟಾರನ್ನು ಮುಟ್ಟಿದವನಿಗೆ ಜುಮ್ಮೆಂದು ಹೊಡೆಯಿತು. ಅದು ಕೊಲ್ಲುವಷ್ಟಿರಲಿಲ್ಲ, ಆದರೆ ಆತ ಬಿದ್ದು ಕೈ ಮುರಿದುಕೊಂಡ. ಬದಲಿಸಬೇಕಾಗಿದ್ದುದು ಸ್ವಿಚ್ಚಿನ ಬಗೆಯನ್ನು, ತಂತಿಯನ್ನಲ್ಲ. ಹುಡುಗನನ್ನು ದೂರಿದರು; ಅವಸರಪಡಿಸಿದವರನ್ನು ಯಾರೂ ಕೇಳಲಿಲ್ಲ.

ಇನ್ನೊಂದು ಭ್ರಮೆಯುಂಟು: ಡ್ರೈವಿಗೆ ಬೇರೆಯೇ ಗುಂಡಿ ತೋಡಿ, ಉಪ್ಪು-ಇದ್ದಿಲು ತುಂಬಿ, ಅದಕ್ಕಷ್ಟೇ ಜೋಡಿಸಿದರೆ ಸಾಕೆಂಬುದು. ಲೆಕ್ಕ ನೋಡಿ. ಗುಂಡಿಯ ರೋಧ 5 ಓಮ್, ಟ್ರಾನ್ಸ್‌ಫಾರ್ಮರಿನದು 1 ಓಮ್ ಎನ್ನೋಣ. ಫೇಸ್ ತಂತಿ ಚೌಕಟ್ಟಿಗೆ ತಗಲಿದರೆ 240 ವೋಲ್ಟಿಗೆ ಹರಿಯುವುದು 40 ಆಂಪಿಯರ್ ಮಾತ್ರ. 63 ಆಂಪಿಯರಿನ ಫ್ಯೂಸ್ ಸುಡದು. ಚೌಕಟ್ಟು 200 ವೋಲ್ಟಿನಲ್ಲಿ ನಿಂತೇ ಇರುತ್ತದೆ. ಮಣ್ಣನ್ನು ನೆಚ್ಚಬಾರದು. ಮೋಟಾರಿನಿಂದ ಡ್ರೈವಿಗೆ, ಅಲ್ಲಿಂದ ಪ್ಯಾನೆಲಿನ ಅರ್ಥ್ ಪಟ್ಟಿಗೆ, ಅಲ್ಲಿಂದ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲಿಗೆ ಲೋಹದ ದಾರಿಯೇ ಕಡಿಯದೆ ಸಾಗಬೇಕು. ಗುಂಡಿ ಬೇಡವೆಂದಲ್ಲ, ಅದೊಂದೇ ಸಾಲದು.

ಹಲವು ಡ್ರೈವ್‌ಗಳಿದ್ದರೆ ಒಂದರಿಂದ ಮತ್ತೊಂದಕ್ಕೆ ಸರಪಳಿಯಂತೆ ತಂತಿ ಎಳೆಯಬಾರದು. ನಡುವಿನದನ್ನು ಬಿಚ್ಚಿದ ದಿನ ಮುಂದಿನವೆಲ್ಲ ಅನಾಥ. ಪ್ರತಿಯೊಂದರಿಂದಲೂ ಪಟ್ಟಿಗೆ ಸ್ವಂತ ತಂತಿ ಬರಲಿ. ಬೋಲ್ಟು ಕೂಡುವೆಡೆ ಬಣ್ಣ ಕೆರೆದಿರಲಿ. ಕವಚವುಳ್ಳ ಕೇಬಲಾದರೆ ಕವಚವನ್ನು ಸುತ್ತಲೂ ಹಿಡಿಯುವ ಕ್ಲಾಂಪಿನಿಂದ ಎರಡೂ ತುದಿಗಳಲ್ಲಿ ಬಿಗಿಯಬೇಕು. ಜಡೆಯಂತೆ ಹೊಸೆದು ತುದಿಗೆ ಸಿಕ್ಕಿಸಿದರೆ ಈ ಚುರುಕು ಪ್ರವಾಹ ಆ ಹಾದಿ ಹಿಡಿಯಲೊಲ್ಲದೆ, ಮೋಟಾರಿನ ಬೇರಿಂಗಿನ ಮೂಲಕ ಹಾದು ಅದನ್ನು ಕೊರೆದೀತು.

ಅಪಾಯದ ಫಲಕ ಆ ಜಿಲ್ಲೆಯ ಭಾಷೆಯಲ್ಲಿಯೂ ಇರಬೇಕೆಂಬುದು ನಿಯಮ. ಅದರಂತೆ ಇಲ್ಲಿ ಮರಾಠಿಯಿದೆ, ಯುಕ್ತವೇ. ಡ್ರೈವಿನ ಕೈಪಿಡಿ ಮಾತ್ರ ಇಂಗ್ಲಿಷಿನದು. ಕಲಬುರಗಿ, ರಾಯಚೂರುಗಳಿಂದ ಬಂದ ಹುಡುಗ ಎರಡನ್ನೂ ಓದಲಾರದೆ ಇರಬಹುದು. ಪ್ರತಿ ರಾಜ್ಯೋತ್ಸವಕ್ಕೆ ಆಮಂತ್ರಣ ಅಚ್ಚುಹಾಕಿಸುವ ನಮಗೆ, ಈ ನಾಲ್ಕು ಎಚ್ಚರಿಕೆಗಳನ್ನು ಕನ್ನಡದಲ್ಲಿ ಒಂದು ಹಾಳೆ ಅಚ್ಚುಹಾಕಿಸುವುದು ಹೊರೆಯಾಗದು. ಕಾರ್ಯಕಾರಿ ಸಮಿತಿ ಒಪ್ಪಿದರೆ ಕರಡನ್ನು ನಾನೇ ಬರೆದುಕೊಡುತ್ತೇನೆ.

ಅದರಲ್ಲಿ ಮೊದಲ ಸಾಲು ಇದು: ವಿದ್ಯುತ್ತನ್ನು ಕಡಿದ ಮೇಲೂ ಡ್ರೈವಿನ ಕೆಪಾಸಿಟರಿನಲ್ಲಿ ಆ 585 ವೋಲ್ಟು ಉಳಿದಿರುತ್ತದೆ, ಹೊದಿಕೆಯ ಮೇಲೆ ಬರೆದಷ್ಟು ನಿಮಿಷ ಕಾದು, ಮೀಟರಿನಿಂದ ಅಳೆದ ಬಳಿಕವೇ ಅರ್ಥಿಂಗಿನ ಬೋಲ್ಟಿಗೆ ಕೈಹಾಕತಕ್ಕದ್ದು.