ಬಿಡಾರ ಎಲ್ಲಿ ಹೂಡಬೇಕು?

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪರದೇಶಕ್ಕೆ ಪ್ರವಾಸ ಹೋದಾಗ ಇಳಿದುಕೊಳ್ಳಲು ಎಂಥ ಹೋಟೆಲನ್ನು ಆರಿಸಿಕೊಳ್ಳಬೇಕು ಎಂಬ ವಿಷಯವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ಹೋಟೆಲು ಎಂದೊಡನೆ ಕನ್ನಡಿಗನ ಕಣ್ಣಿಗೆ ಬರುವುದು ಹಾಸಿಗೆಯಲ್ಲ, ದೋಸೆ. ನಮ್ಮಲ್ಲಿ ಹೋಟೆಲೆಂದರೆ ಉಣ್ಣುವ ಜಾಗ. ತಂಗುವುದಕ್ಕೆ ಲಾಡ್ಜು, ಛತ್ರ, ಧರ್ಮಶಾಲೆ ಎಂಬ ಬೇರೆ ಮಾತುಗಳೇ ಇವೆ. ಈ ಪುಣೆಯಲ್ಲಿಯೂ ನಮ್ಮವರು ಹೆಸರು ಗಳಿಸಿದ್ದು ಉಣಿಸುವ ಹೋಟೆಲಿನಿಂದಲೇ. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯನ್ನು ಬೆಳೆಸಿ 2023ರಲ್ಲಿ ತೀರಿಕೊಂಡ ಜಗನ್ನಾಥ ಶೆಟ್ಟರು ನಮ್ಮ ಕರಾವಳಿಯಿಂದ ಬಂದವರು. ಊಟದ ಹೋಟೆಲಿನ ಗುಣದೋಷಗಳನ್ನು ನಾವು ಒಂದು ತುತ್ತಿನಲ್ಲಿ ಹೇಳಬಲ್ಲೆವು. ತಂಗುವ ಹೋಟೆಲಿನ ವಿಷಯದಲ್ಲಿ ಮಾತ್ರ ಬಾಡಿಗೆ ಎಷ್ಟು, ಬೆಳಗಿನ ಫಲಾಹಾರ ಅದರಲ್ಲೇ ಸೇರಿದೆಯೆ, ಈ ಎರಡನ್ನು ಕೇಳಿ ಸುಮ್ಮನಾಗುತ್ತೇವೆ. ಅಷ್ಟು ಸಾಲದೆಂಬುದೇ ನನ್ನ ಇಂದಿನ ಮಾತಿನ ಸಾರ.

ನಮ್ಮ ಮನೆಗಳಲ್ಲಿ ಪರದೇಶ ಪ್ರವಾಸ ಹೇಗೆ ನಡೆಯುತ್ತದೆಂಬುದನ್ನು ತಾವೆಲ್ಲ ಬಲ್ಲಿರಿ. ಮಕ್ಕಳು ಸಂಪಾದನೆಗೆ ನಿಂತ ಮೇಲೆ, ದುಡಿದು ದಣಿದ ತಂದೆತಾಯಿಗಳಿಗೆ ಒಮ್ಮೆ ಹೊರದೇಶ ತೋರಿಸಬೇಕೆಂದು ಹಂಬಲಿಸುತ್ತಾರೆ. ವರ್ಷಗಟ್ಟಲೆ ಹಣ ಕೂಡಿಡುತ್ತಾರೆ. ವಿಮಾನದ ದರದಲ್ಲಿ ಚೌಕಾಸಿ ಸಾಗುವುದಿಲ್ಲ, ವೀಸಾದ ಶುಲ್ಕದಲ್ಲಿ ಒಂದು ಕಾಸೂ ಕಡಿಮೆಯಾಗುವುದಿಲ್ಲ. ಹಿಡಿತ ಮಾಡುವುದಕ್ಕೆ ಉಳಿಯುವುದು ಇಳಿದುಕೊಳ್ಳುವ ಜಾಗವೊಂದೇ. 'ರಾತ್ರಿ ಮಲಗುವುದಕ್ಕೆ ತಾನೆ, ಎಲ್ಲಿದ್ದರೇನು?' ಎಂದು ಊರಿನಿಂದ ಹದಿನೈದು ಇಪ್ಪತ್ತು ಮೈಲಿ ದೂರದಲ್ಲಿ, ಹೆದ್ದಾರಿಯ ಮಗ್ಗುಲಲ್ಲಿ ಒಂದು ಕೋಣೆ ಗೊತ್ತುಮಾಡುತ್ತಾರೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಊರೊಳಕ್ಕೆ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಎಂಟು ದಿನಕ್ಕೆ ಹದಿನಾರು ಗಂಟೆ. ದಿನಕ್ಕೆ ಎಂಟು ಗಂಟೆ ತಿರುಗಾಡುವವರಿಗೆ ಇದು ತುಂಬಿದ ಎರಡು ದಿನ. ಹೀಗೆ ಎಂಟು ದಿನಕ್ಕೆ ಹಣ ಕೊಟ್ಟು ಆರು ದಿನದ ಪ್ರವಾಸ ಮಾಡಿದಂತಾಯಿತು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಎಪ್ಪತ್ತರ ಸಮೀಪದ ಹಿರಿಯರು ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗಬೇಕು, ಮಾತ್ರೆ ನುಂಗಬೇಕು, ಬಚ್ಚಲುಮನೆಯ ಅಗತ್ಯವೂ ಉಂಟು. ಬಿಡಾರ ದೂರವಿದ್ದರೆ ಅವರು ಬೆಳಗಿನಿಂದ ರಾತ್ರಿಯವರೆಗೆ ಬೆಂಚಿನ ಮೇಲೆ ಕುಳಿತು ಸವೆಯಬೇಕು. ಎರಡು ದಿನ ಹೀಗಾದ ಮೇಲೆ ಮೂರನೆಯ ದಿನ, 'ನೀವು ಹೋಗಿ ಬನ್ನಿರಪ್ಪ, ನಾವು ಕೋಣೆಯಲ್ಲೇ ಇರುತ್ತೇವೆ' ಎನ್ನುತ್ತಾರೆ. ಯಾರಿಗಾಗಿ ಪ್ರವಾಸ ಹೊರಟಿತೋ ಅವರೇ ಗೋಡೆ ನೋಡುತ್ತ ಕೂಡುತ್ತಾರೆ. ಬಾಡಿಗೆಯಲ್ಲಿ ಉಳಿಸಿದ ಹಣ ಈ ನಷ್ಟವನ್ನು ತುಂಬಿಕೊಡಲಾರದು.

ಈ ವಿವೇಕ ನಮಗೆ ಹೊಸದೇನೂ ಅಲ್ಲ. ನಮ್ಮ ಹಿರಿಯರು ಕಾಶಿಗೆ ಹೋದಾಗ ಎಲ್ಲಿ ಇಳಿಯುತ್ತಿದ್ದರು? ಗಂಗೆಗೆ ನಡೆದು ಹೋಗಿ ಮಿಂದು, ಒದ್ದೆ ಬಟ್ಟೆಯಲ್ಲಿ ಮರಳಿ ಬರುವಷ್ಟು ಸಮೀಪದಲ್ಲಿ. ವೀರಶೈವರಿಗೆ ದಶಾಶ್ವಮೇಧ ಘಾಟಿನಿಂದ ಅಷ್ಟೇನೂ ದೂರವಿಲ್ಲದ ಜಂಗಮವಾಡಿ ಮಠವಿತ್ತು, ಇಂದಿಗೂ ಇದೆ. ಹನುಮಾನ ಘಾಟಿನ ನೆರೆಯಲ್ಲಿ ಮೈಸೂರು ಸಂಸ್ಥಾನದ ಘಾಟು, ಛತ್ರಗಳಿದ್ದವು. ಆ ಘಾಟಿಗೆ ಈಗ ಕರ್ನಾಟಕ ಘಾಟೆಂದೇ ಹೆಸರು. ಪಂಢರಪುರದಲ್ಲಿಯೂ ಅಷ್ಟೆ, ಚಂದ್ರಭಾಗೆಗೂ ವಿಠ್ಠಲನ ಗುಡಿಗೂ ಕಾಲ್ನಡಿಗೆಯಲ್ಲಿ ಎಟಕುವ ಧರ್ಮಶಾಲೆಗೇ ಮೊದಲ ಮನ್ನಣೆ. ನಾವು ಯಾವುದಕ್ಕಾಗಿ ಬಂದೆವೋ ಅಲ್ಲಿಗೆ ಮುದುಕರು ನಡೆದು ಹೋಗುವಂತಿರಬೇಕು, ಇದೇ ಅವರ ಅಳತೆ. ಲಂಡನ್ನಿಗೂ ರೋಮಿಗೂ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ.

ಲಂಡನ್ನನ್ನೇ ತೆಗೆದುಕೊಳ್ಳಿ. ಅಲ್ಲಿ ಫಿಟ್ಸ್‌ರಾಯ್ ಸ್ಕ್ವೇರ್ ಎಂಬ ಚೌಕದಲ್ಲಿ ಭಾರತೀಯ ವೈ.ಎಂ.ಸಿ.ಎ. ವಸತಿಗೃಹವಿದೆ. ಸಂಸ್ಥೆ ಹುಟ್ಟಿದ್ದು 1920ರಲ್ಲಿ, ಈಗಿನ ಕಟ್ಟಡ 1950ರ ದಶಕದ್ದು. ನಮ್ಮ ದೇಶದಿಂದ ಓದಲು ಹೋದ ಎಷ್ಟೋ ತಲೆಮಾರಿನ ತರುಣರಿಗೆ ಅದು ಮೊದಲ ನೆಲೆಯಾಯಿತು. ಅರಮನೆಯ ವೈಭೋಗ ಅಲ್ಲಿಲ್ಲ. ಅನ್ನ ಸಾರಿನ ಪರಿಚಯವುಂಟು, ಭೂಗತ ರೈಲಿನ ನಿಲ್ದಾಣ ಹತ್ತಿರವುಂಟು. ಬ್ರಿಟಿಷ್ ಮ್ಯೂಸಿಯಮ್ಮಿಗೆ ನಿಧಾನವಾಗಿ ನಡೆದರೂ ಇಪ್ಪತ್ತು ನಿಮಿಷ ಸಾಕು. ಅಮರಾವತಿಯ ಶಿಲ್ಪಗಳನ್ನು ಒಂದು ದಿನ ನೋಡಿ ದಣಿದವರು ಮರುದಿನ ಮತ್ತೆ ಹೋಗಿ ಉಳಿದದ್ದನ್ನು ನೋಡಬಹುದು. ಅಲ್ಲಿ ಪ್ರವೇಶಕ್ಕೆ ಹಣವಿಲ್ಲ. ಇಂಥ ಅನುಕೂಲ ಹತ್ತಿರವಿದ್ದವನಿಗೇ ಹೊರತು ದೂರವಿದ್ದವನಿಗೆ ಒದಗುವುದಿಲ್ಲ. ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ ಇಳಿದವರಿಗೆ ಬೇರೊಂದು ಲಾಭ. ಸಂಜೆ ನದಿಯ ಬದಿಗೆ ತಿರುಗಾಡುತ್ತ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಬಂದರೆ ಅಲ್ಲಿ ನಮ್ಮ ಬಸವಣ್ಣನವರ ಮೂರ್ತಿಯಿದೆ. ಕಲಬುರಗಿ ಕಡೆಯವರೂ ಲ್ಯಾಂಬೆತ್‌ನ ಹಿಂದಿನ ಮೇಯರರೂ ಆದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ನಿಂತ ಆ ಮೂರ್ತಿಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಹೊಳೆಯ ಆಚೆಯ ದಂಡೆಯಲ್ಲಿ ಪಾರ್ಲಿಮೆಂಟು, ಈಚೆಯಲ್ಲಿ ಅನುಭವಮಂಟಪದ ಅಣ್ಣ. ಬಸ್ಸಿನ ಕಿಟಕಿಯಿಂದ ಇದನ್ನು ನೋಡುವುದು ಬೇರೆ, ನಡೆದು ಹೋಗಿ ಎದುರು ನಿಲ್ಲುವುದು ಬೇರೆ.

ವೆನಿಸ್ ಪಟ್ಟಣದ ಮಾತು ಇನ್ನೂ ಸ್ಪಷ್ಟವಾದುದು. ನೀರಿನ ನಡುವಣ ದ್ವೀಪದಲ್ಲಿ ಬಾಡಿಗೆ ಹೆಚ್ಚೆಂದು ಬಹುಮಂದಿ ನೆಲದ ಮೇಲಿನ ಮೆಸ್ತ್ರೆಯಲ್ಲಿ ಇಳಿಯುತ್ತಾರೆ. ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷದ ದಾರಿ. ಅದು ತಪ್ಪು ಆಯ್ಕೆಯೆಂದು ನಾನು ಹೇಳುವುದಿಲ್ಲ. ಆದರೆ ವೆನಿಸಿಗೆ ಹಗಲು ಬರುವ ಜನಸಾಗರ ಸಂಜೆಗೆ ಇಳಿದುಹೋಗುತ್ತದೆ. ಆಮೇಲೆ ಆ ಓಣಿಗಳಲ್ಲಿ ಕೇಳುವುದು ನೀರಿನ ಸಪ್ಪಳ, ನಮ್ಮ ಹೆಜ್ಜೆಯ ಸಪ್ಪಳ. ನಾಲ್ಕು ರಾತ್ರಿ ಮೆಸ್ತ್ರೆಯಲ್ಲಿ ಕಳೆಯುವ ಬದಲು ಎರಡೇ ರಾತ್ರಿ ದ್ವೀಪದಲ್ಲಿ ಕಳೆದವನು ಹೆಚ್ಚು ನೋಡಿರುತ್ತಾನೆ. ದಿನ ಕಡಿಮೆಮಾಡಿ, ದೂರ ಕಡಿಮೆಮಾಡಿ. ಖರ್ಚು ಹೆಚ್ಚುಕಡಮೆ ಸರಿದೂಗುತ್ತದೆ.

ಇನ್ನು ಎರಡನೆಯ ಗುಣ. ಬಿಡಾರಕ್ಕೆ ಆ ಊರಿನ ಮುಖವಿರಬೇಕು. ಬೆಳಿಗ್ಗೆ ಕಣ್ಣುಬಿಟ್ಟಾಗ ತಾನು ದುಬೈಯಲ್ಲಿದ್ದೇನೋ ಡಬ್ಲಿನ್ನಿನಲ್ಲಿದ್ದೇನೋ ಎಂದು ತಿಳಿಯದಂಥ ಕೋಣೆಗಳು ಇಂದು ಲೋಕದ ತುಂಬ ಇವೆ; ಅದೇ ಗಾಜು, ಅದೇ ರತ್ನಗಂಬಳಿ, ಗೋಡೆಯ ಮೇಲೆ ಅದೇ ಅರ್ಥವಿಲ್ಲದ ಚಿತ್ರ. ಅದಕ್ಕೆ ಪ್ರತಿಯಾಗಿ ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ನೆರೆಯ ನೇಪಾಳದ್ದು. ಕಾಠ್ಮಂಡುವಿನ ಪಶುಪತಿನಾಥನ ಪೂಜೆಗೆ ಕರ್ನಾಟಕದಿಂದ ಹೋದ ಭಟ್ಟರಿರುವುದು ತಮಗೆ ತಿಳಿದೇ ಇದೆ. ಆ ಗುಡಿಗೆ ಸಮೀಪದ ಬತ್ತೀಸಪುತಲಿಯಲ್ಲಿ ದ್ವಾರಿಕಾಸ್ ಎಂಬ ಹೋಟೆಲಿದೆ. ಹಳೆಯ ನೇವಾರಿ ಮನೆಗಳನ್ನು ಕೆಡವಿ, ಕೆತ್ತನೆಯ ಕಿಟಕಿ ಕಂಬಗಳನ್ನು ಸೌದೆಗೆ ಒಡ್ಡುತ್ತಿದ್ದ ಕಾಲದಲ್ಲಿ ದ್ವಾರಿಕಾದಾಸ ಶ್ರೇಷ್ಠರೆಂಬವರು ಅವನ್ನು ಕೊಂಡು ಕೂಡಿಟ್ಟು, ಅವುಗಳನ್ನೇ ಜೋಡಿಸಿ ಮನೆ ಕಟ್ಟಿಸಿದರು. ಅದೇ ಈಗಿನ ಹೋಟೆಲು. ಬಾಡಿಗೆ ದುಬಾರಿ, ಎಲ್ಲರಿಗೂ ನಿಲುಕುವಂಥದಲ್ಲ. ಆದರೆ ಪಾಟನ್, ಭಕ್ತಪುರಗಳಲ್ಲಿ ಅದೇ ಬಗೆಯ ಹಳೆಯ ಮನೆಗಳನ್ನು ದುರಸ್ತಿಮಾಡಿ, ನಾಲ್ಕಾರು ಕೋಣೆಗಳನ್ನು ಮಿತವಾದ ಬಾಡಿಗೆಗೆ ಕೊಡುವವರಿದ್ದಾರೆ. 2015ರ ಏಪ್ರಿಲ್ ಭೂಕಂಪದಿಂದ ನೊಂದ ಆ ಊರುಗಳಲ್ಲಿ ನಾವು ಕೊಡುವ ಬಾಡಿಗೆ ಒಂದು ಕೆತ್ತನೆಯ ಕಿಟಕಿಯನ್ನು ಉಳಿಸುವುದಕ್ಕೂ ಸಲ್ಲುತ್ತದೆ.

ಎರಡನೆಯದು ಸ್ಪೇನ್ ದೇಶದ್ದು. ಅಲ್ಲಿನ ಸರಕಾರ 1928ರಿಂದ 'ಪರಾದೋರ್' ಎಂಬ ವಸತಿಗೃಹಗಳನ್ನು ನಡೆಸುತ್ತಿದೆ. ಹಳೆಯ ಕೋಟೆ, ಮಠ, ಅರಮನೆಗಳನ್ನು ಬೀಳಗೊಡದೆ ಪ್ರವಾಸಿಗರ ತಂಗುಮನೆಗಳನ್ನಾಗಿ ಮಾಡಿದ್ದಾರೆ. ಅಂಥವು ಇಂದು ನೂರರ ಸಮೀಪ ಇವೆ. ಗ್ರನಾಡದಲ್ಲಿರುವುದು ಜಗತ್ಪ್ರಸಿದ್ಧವಾದ ಅಲ್‌ಹಂಬ್ರಾ ಕೋಟೆಯ ಒಳಗಡೆಯೇ, ಹಳೆಯ ಸಂನ್ಯಾಸಿ ಮಠವೊಂದರಲ್ಲಿ. ನಮ್ಮ ಹಳೆಯ ಪ್ರವಾಸಿ ಬಂಗಲೆಗಳನ್ನು ಬಲ್ಲವರಿಗೆ ಈ ಏರ್ಪಾಟಿನ ಸೊಗಸು ಬೇಗ ಮನಸ್ಸಿಗೆ ಹತ್ತುತ್ತದೆ.

ಮೂರನೆಯದು ಜಪಾನಿನ ಕೋಯಾಸಾನ್ ಬೆಟ್ಟ. ಒಂಬತ್ತನೆಯ ಶತಮಾನದಲ್ಲಿ ಕೂಕಾಯ್ ಎಂಬ ಬೌದ್ಧ ಯತಿ ಸ್ಥಾಪಿಸಿದ ಕ್ಷೇತ್ರವದು. ಅಲ್ಲಿ ಐವತ್ತಕ್ಕೂ ಮಿಕ್ಕಿದ ಗುಡಿಗಳು ಯಾತ್ರಿಕರಿಗೆ ಕೋಣೆ ಕೊಡುತ್ತವೆ. ಊಟ ಸನ್ಯಾಸಿಗಳದೇ: ಮಾಂಸವಿಲ್ಲ, ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಪರದೇಶದಲ್ಲಿ ಏನು ಉಣ್ಣುವುದೆಂದು ಅಂಜಿ ಚಕ್ಕುಲಿಯ ಡಬ್ಬಿ ಹೊತ್ತು ಹೋಗುವ ನಮ್ಮ ಹಿರಿಯರಿಗೂ ಜೈನ ಬಂಧುಗಳಿಗೂ ಇದಕ್ಕಿಂತ ನೆಮ್ಮದಿಯ ಜಾಗ ಬೇಕೆ? ಬೆಳಗಿನ ಪೂಜೆಗೆ ಅತಿಥಿಗಳೂ ಹೋಗಿ ಕೂಡಬಹುದು. ಕೆಲವು ಗುಡಿಗಳಲ್ಲಿ ಅಗ್ನಿಯನ್ನು ಉರಿಸಿ 'ಗೋಮ' ಮಾಡುತ್ತಾರೆ. ಅದು ನಮ್ಮ 'ಹೋಮ' ಶಬ್ದವೇ. ಬೌದ್ಧಧರ್ಮದ ಜೊತೆ ಚೀನ ದೇಶವನ್ನು ಹಾಯ್ದು ಅಲ್ಲಿಗೆ ತಲಪಿದೆ. ಊರ ಹೊರಗಿನ ಗಾಜಿನ ಹೋಟೆಲಿನಲ್ಲಿ ಮಲಗಿದವನಿಗೆ ಈ ನೆಂಟಸ್ತನ ತಿಳಿಯುವುದೆಂತು?

ಆದರೆ ಚೆಂದಕ್ಕೆ ಮರುಳಾಗಿ ವಿವೇಕ ಬಿಡಬಾರದು. ಹಳೆಯ ಮನೆಯೆಂದರೆ ಹಳೆಯ ಮೆಟ್ಟಿಲು. ಆಮ್‌ಸ್ಟರ್‌ಡಾಮಿನ ಕಾಲುವೆಮನೆಗಳ ಮೆಟ್ಟಿಲು ಏಣಿಯಷ್ಟು ಕಡಿದು. ಲಿಫ್ಟ್ ಇದೆಯೆ ಎಂದು ಮೊದಲೇ ಕೇಳಬೇಕು. ಬ್ರಿಟನ್ನಿನಲ್ಲಿ 'ಮೊದಲನೆಯ ಮಹಡಿ' ಎಂದರೆ ಮೆಟ್ಟಿಲು ಹತ್ತಬೇಕು. ಅಮೆರಿಕ, ಜಪಾನುಗಳಲ್ಲಿ ಅದು ನೆಲದ ಮಟ್ಟವೇ. ಜಪಾನಿ ಮನೆಯಲ್ಲಿ ಚಾಪೆಯ ಮೇಲೆ ಹಾಸಿಗೆ. ಮೊಣಕಾಲು ನೋವಿದ್ದವರಿಗೆ ಏಳುವುದು ಕಷ್ಟ. ಅಲ್ಲಿನ ಸಾಧಾರಣ ವಸತಿಗೃಹಗಳಲ್ಲಿ ತರಕಾರಿಯ ಸಾರಿಗೂ ಒಣಮೀನಿನ ರಸ ಬೆರೆಸುತ್ತಾರೆ. 'ಮೀನು ಬೇಡ' ಎಂದರೆ ಸಾಲದು, 'ಮೀನಿನ ರಸವೂ ಬೇಡ' ಎಂದು ಮುಂಚೆಯೇ ಬರೆದು ತಿಳಿಸಬೇಕು. ರೋಮಿನಲ್ಲಿ ಕ್ರೈಸ್ತ ಸಂನ್ಯಾಸಿನಿಯರು ನಡೆಸುವ ಚೊಕ್ಕಟವಾದ ತಂಗುಮನೆಗಳಿವೆ. ಕೆಲವೆಡೆ ರಾತ್ರಿ ಗೊತ್ತಾದ ವೇಳೆಗೆ ಬಾಗಿಲು ಹಾಕುತ್ತಾರೆ.

ಇನ್ನೊಂದು ಮಾತನ್ನು, ಬಾಡಿಗೆಮನೆಗಾಗಿ ಪೇಟೆಪೇಟೆ ಅಲೆದ ನಮ್ಮಂಥವರ ಮುಂದೆ ವಿಶೇಷವಾಗಿ ಹೇಳಬೇಕು. ಈಚೆಗೆ ಹೋಟೆಲು ಬಿಟ್ಟು, ವಾಸದ ಮನೆಯೊಂದನ್ನೇ ನಾಲ್ಕು ದಿನಕ್ಕೆ ಬಾಡಿಗೆ ಹಿಡಿಯುವ ರೂಢಿ ಬಂದಿದೆ. ಒಲೆಯಿರುತ್ತದೆ, ಅನ್ನ ಬೇಯಿಸಿಕೊಳ್ಳಬಹುದು, ಅನುಕೂಲವೇನೋ ಸರಿ. ಆದರೆ ಪ್ರವಾಸಿಯಿಂದ ನಾಲ್ಕು ದಿನಕ್ಕೆ ಬರುವ ಹಣ ಹೆಚ್ಚೆಂದು ಮಾಲೀಕರು ಊರಿನ ಜನಕ್ಕೆ ಮನೆ ಕೊಡದಂತಾಗಿದ್ದಾರೆ. ವೆನಿಸ್ ದ್ವೀಪದ ನಿವಾಸಿಗಳ ಸಂಖ್ಯೆ 2022ರಲ್ಲಿ ಐವತ್ತು ಸಾವಿರಕ್ಕಿಂತ ಕೆಳಗಿಳಿಯಿತು. ಬಾರ್ಸಿಲೋನಾದ ನಗರಾಡಳಿತ ಇಂಥ ಹತ್ತು ಸಾವಿರಕ್ಕೂ ಮೇಲ್ಪಟ್ಟ ಮನೆಗಳ ಪರವಾನಗಿಯನ್ನು 2028ರ ಹೊತ್ತಿಗೆ ಮುಗಿಸುವುದಾಗಿ 2024ರಲ್ಲಿ ಸಾರಿತು. ಪರಊರಿನಲ್ಲಿ ಒಂದು ಖೋಲಿಗಾಗಿ ಬಾಗಿಲು ಬಾಗಿಲು ತಟ್ಟಿದವರಿಗೆ ಇದರ ನೋವು ತಿಳಿಯದೆ ಇರದು. ಒಡೆಯ ತಾನೂ ವಾಸವಾಗಿದ್ದು ಒಂದೆರಡು ಕೋಣೆ ಬಿಟ್ಟುಕೊಡುವ ಮನೆ, ಇಲ್ಲವೆ ಆ ಊರಿನವರೇ ನಡೆಸುವ ಚಿಕ್ಕ ಹೋಟೆಲು, ಇವೆರಡೂ ಮೇಲು. ಅಲ್ಲಿ ಮಾತನಾಡಿಸುವ ಒಬ್ಬ ಮನುಷ್ಯನಿರುತ್ತಾನೆ. ಒಳ್ಳೆಯ ರೊಟ್ಟಿ ಎಲ್ಲಿ ಸಿಗುತ್ತದೆಂದು ಹೇಳುತ್ತಾನೆ. ರಾತ್ರಿ ಜ್ವರ ಬಂದರೆ ವೈದ್ಯರ ಮನೆ ತೋರಿಸುತ್ತಾನೆ.

ಗುಂಪಿನ ಪ್ರವಾಸವನ್ನು ಹಳಿಯಲು ನಾನು ನಿಂತಿಲ್ಲ. ಭಾಷೆ ಬಾರದವರಿಗೆ, ಒಂಟಿಯಾಗಿ ಹೋಗಲು ಅಳುಕುವವರಿಗೆ ಅದು ದೊಡ್ಡ ಆಸರೆ. ಆದರೆ ಹಣ ಕಟ್ಟುವ ಮುನ್ನ ಹೋಟೆಲಿನ ಹೆಸರು ವಿಳಾಸಗಳನ್ನು ಬರೆದು ಕೊಡಿರೆಂದು ಕೇಳುವ ಹಕ್ಕು ನಮಗುಂಟು. ಕರಪತ್ರದಲ್ಲಿ ಒಂದು ಹೆಸರು ಕೊಟ್ಟು ಪಕ್ಕದಲ್ಲಿ 'ಅಥವಾ ಅದಕ್ಕೆ ಸಮಾನವಾದುದು' ಎಂದಿದ್ದರೆ, ಸಮಾನವಾದುದು ಎಷ್ಟು ಮೈಲಿಯಾಚೆ ಎಂದೂ ಕೇಳಬೇಕು. ತಾವೇ ಆರಿಸಿಕೊಳ್ಳುವವರು ಮೊಬೈಲಿನ ನಕ್ಷೆ ತೆರೆದು ಮೂರು ವಿಷಯ ನೋಡಿದರೆ ಸಾಕು. ನಾವು ನೋಡಬಂದ ಜಾಗಕ್ಕೆ ನಡಿಗೆಯಲ್ಲಿ ಎಷ್ಟು ಹೊತ್ತು? ರೈಲು ಅಥವಾ ಬಸ್ಸಿನ ನಿಲ್ದಾಣ ಮುದುಕರ ಹೆಜ್ಜೆಗೆ ಎಷ್ಟು ದೂರ? ಸಂಜೆಯ ಹೊತ್ತು ಬೀದಿಯಲ್ಲಿ ಅಂಗಡಿ, ಬೆಳಕು, ಹೆಂಗಸರು ಮಕ್ಕಳ ಓಡಾಟ ಉಂಟೆ? 'ಊರಿನ ಮಧ್ಯಕ್ಕೆ ಐದು ನಿಮಿಷ' ಎಂದು ಬರೆದಿದ್ದರೆ ಅದು ಕಾಲಿನ ಐದು ನಿಮಿಷವೋ ಕಾರಿನ ಐದು ನಿಮಿಷವೋ ಎಂದು ನೋಡಿಕೊಳ್ಳಿ. ಹಿಂದೆ ಹೋಗಿ ಬಂದವರ ಅಭಿಪ್ರಾಯಗಳಲ್ಲಿ ಹೊಗಳಿಕೆಯನ್ನು ಬಿಟ್ಟು ಮೆಟ್ಟಿಲು, ಸದ್ದು, ಬಿಸಿನೀರು ಎಂಬ ಮೂರು ಶಬ್ದಗಳನ್ನು ಹುಡುಕಿ ಓದಿ.

ಮಿತ್ರರೆ, ಬೇರೊಂದು ಊರನ್ನು ಒಳಗಿನಿಂದ ಅರಿಯುವುದು ಹೇಗೆಂಬುದನ್ನು ಪುಣೆಯ ಕನ್ನಡಿಗರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ನಮ್ಮ ಹಿರಿಯರು ಇಲ್ಲಿಗೆ ಬಂದಾಗ ಪೇಟೆಯೊಳಗಿನ ವಾಡೆಗಳಲ್ಲಿ, ಮರಾಠಿ ನೆರೆಹೊರೆಯ ನಡುವೆ ಖೋಲಿ ಹಿಡಿದರು. ಒಂದೇ ನಲ್ಲಿಯ ನೀರು ಹಿಡಿದರು. ಊರು ಅವರದಾದದ್ದು ಹಾಗೆ. ನಾಲ್ಕು ದಿನದ ಅತಿಥಿಗೂ ಅದೇ ದಾರಿ, ಸಣ್ಣ ಪ್ರಮಾಣದಲ್ಲಿ. ಮುಂದಿನ ಬೇಸಗೆಯ ರಜೆಗೆ ತಂದೆತಾಯಿಗಳನ್ನು ಕರೆದುಕೊಂಡು ಹೊರಡುವವರು ಎರಡು ಊರು ಕಡಿಮೆ ನೋಡಿದರೂ ಚಿಂತೆಯಿಲ್ಲ. ಅಪ್ಪ ಅಮ್ಮ ತಾವಾಗಿಯೇ ಬಾಗಿಲು ತೆರೆದು ಬೀದಿಗೆ ಇಳಿದು, ಒಂದು ಸುತ್ತು ತಿರುಗಾಡಿ ಮರಳಿ ಬರಬಹುದಾದ ಜಾಗದಲ್ಲಿ ಬಿಡಾರ ಹೂಡಿರಿ.